ಒದ್ದೆ ಅಂಗೈ

"ಏ ದಾನವ್ವ, ಅದನ್ನ ನನ್ನ ಹಣಿಗಿ ಹಿಡೀಬ್ಯಾಡ. ನನಗೇನ್ ಜ್ವರ ಬಂದಿಲ್ಲ."

"ನಿಮಗಲ್ರಿ ಅತ್ತಿ, ನಿಮ್ಮ ಗೋಡಿಗಿ," ಎಂದು ಸೊಸೆ ದಾನೇಶ್ವರಿ ನಕ್ಕಳು. ತಾನು ದುಡಿಯುವ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರಗಳು ಎಷ್ಟು ಕಾದಿವೆ ಎಂದು ದೂರದಿಂದಲೇ ನೋಡುವ ಪಿಸ್ತೂಲಿನಂಥ ಥರ್ಮಾಮೀಟರನ್ನು, ಸಾಹೇಬರನ್ನು ಕೇಳಿ ಒಂದು ದಿನದ ಮಟ್ಟಿಗೆ ಮನೆಗೆ ತಂದಿದ್ದಳು.

ಶರಣಬಸಮ್ಮ ನಗಲಿಲ್ಲ. ಬೆಳಗಾದರೆ ಮೇಸ್ತ್ರಿ ಪೀರಪ್ಪ ಆ ಗೋಡೆ ಒಡೆಯಲು ಆಳು ಕರೆದುಕೊಂಡು ಬರುವವನಿದ್ದ. ಹೊಸ ಎ.ಸಿ. ಹಗಲೆಲ್ಲ ಗುರುಗುಟ್ಟಿದರೂ ಕೋಣೆ ತಣ್ಣಗಾಗದ್ದಕ್ಕೆ ಮಗ ಬಸವಲಿಂಗ ಪಡುವಣ ಗೋಡೆಯ ಮೇಲೆ ತಪ್ಪು ಹೊರಿಸಿದ್ದ. "ಹಳೀ ಕಲ್ಲಿನ ಗೋಡಿ ಬೇ, ಸಂದಿ ಸಂದಿಗೂ ಝಳ ಬರ್ತದ. ಒಡದು ಬ್ಲಾಕ್ ಇಟ್ಟು ಕಟ್ಟಸ್ತೀನಿ."

ಅವನು ಹೊಟ್ಟೆಯಲ್ಲಿ ಆರು ತಿಂಗಳ ಕೂಸಾಗಿದ್ದಾಗ ಎದ್ದ ಗೋಡೆ ಅದು. ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ ಗಂಡ ಸೂಗಪ್ಪ ಕಲ್ಲು ಕೂರಿಸಿದರೆ, ಸಂದಿ ತುಂಬುವುದು ಶರಣಬಸಮ್ಮನ ಪಾಲು. ಬರೀ ಗಚ್ಚು ಮೆತ್ತಿ ಕೈ ತೊಳೆದುಕೊಳ್ಳುವವಳಲ್ಲ ಅವಳು. ಸಂದಿಗೆ ಒಪ್ಪುವ ಕಲ್ಲಿನ ಚಕ್ಕೆ ಆರಿಸಿ, ಸುತ್ತಿಗೆಯಿಂದ ಬಡಿದು, ಆಮೇಲೆ ಗಚ್ಚು. ಕಲ್ಲಿನ ಒಂದೊಂದು ವರಸೆ ಮುಗಿದ ಮೇಲೆ ಅಂಗೈ ಒದ್ದೆ ಮಾಡಿ ಸಂದಿಯ ಉದ್ದಕ್ಕೂ ಆಡಿಸುವಳು. ಎಲ್ಲಿ ಗಾಳಿ ತಾಕಿತೋ ಅಲ್ಲಿಗೆ ಇನ್ನೊಂದು ಚಕ್ಕೆ. "ನಮ್ಮಾಕಿ ಗಾಳಿಗೂ ಹಾದಿ ಬಿಡಂಗಿಲ್ಲ," ಎಂದು ಸೂಗಪ್ಪ ಗಣಿಯ ತುಂಬ ಹೇಳಿಕೊಂಡು ತಿರುಗಿದ್ದ.

ದಾನೇಶ್ವರಿ ಗುಂಡಿ ಒತ್ತಿದಳು. ಗೋಡೆಯ ಮೇಲೆ ಕೆಂಪು ಚುಕ್ಕೆ ಕೂತಿತು. "ಮೂವತ್ತು." ಮೊಳ ಆಚೆಗೆ ಹಿಡಿದಳು, ಮೂವತ್ತು. ಸಂದಿಯ ಮೇಲೆಯೇ ಹಿಡಿದಳು, ಅಲ್ಲೂ ಮೂವತ್ತು. ಹೊರಗೆ ನಲವತ್ತೆರಡರ ಬಿಸಿಲು.

"ಅದರ ಸೆಲ್ ಹೋಗ್ಯಾವೇನು ನೋಡು," ಎಂದ ಬಸವಲಿಂಗ, ಬಾಗಿಲಲ್ಲಿ ನಿಂತು.

ಅಷ್ಟರಲ್ಲಿ ಶರಣಬಸಮ್ಮ ತಂಬಿಗೆಯ ನೀರಿನಲ್ಲಿ ಅಂಗೈ ಅದ್ದಿದ್ದಳು. ಗೋಡೆಗುಂಟ ಸರಿದ ಕೈ ಕಿಟಕಿಯ ಕೆಳಮೂಲೆಗೆ ಬಂದು ನಿಂತಿತು. ಹೋದ ವರ್ಷ ಬಸವಲಿಂಗ ಗೋಡೆ ಕೊರೆಸಿ, ತಾನೇ ಮುಂದೆ ನಿಂತು ಕೂಡಿಸಿದ ಅಲ್ಯೂಮಿನಿಯಂ ಕಿಟಕಿ ಅದು.

"ಇಲ್ಲಿ ಹಿಡಿ ನೋಡವ್ವ."

"ಹೊಳಿಯೋ ಕಿಟಕಿ ಪಟ್ಟಿ ಮ್ಯಾಲ ಈ ಮೀಟರ್ ಸುಳ್ಳ್ ಹೇಳ್ತದ್ರಿ ಅತ್ತಿ," ಎನ್ನುತ್ತ ದಾನೇಶ್ವರಿ ಪಟ್ಟಿಯ ಪಕ್ಕದ ಸಿಮೆಂಟ್ ಗಿಲಾವಿಗೆ ಹಿಡಿದಳು. ಅಂಕಿ ಸರಸರ ಏರಿ ಮೂವತ್ತೆಂಟಕ್ಕೆ ನಿಂತಿತು. "ರೀ, ಇಲ್ಲಿ ಬರ್ರಿ. ಸೆಲ್ ಛಲೋ ಅವ."

ಬಸವಲಿಂಗ ಬಂದು ಉಗುರಿನಿಂದ ಕೆರೆದ. ತೆಳ್ಳಗೆ ಸವರಿದ ಬಿಳಿ ಸಿಮೆಂಟ್ ಉದುರಿ, ಒಳಗಿನಿಂದ ಹಳೆಯ ಪೇಪರಿನ ಮುದ್ದೆ ಇಣುಕಿತು. ಎಳೆದಷ್ಟೂ ಬಂತು. ಹಿಂದೆಯೇ ಬಿಸಿಗಾಳಿ ಅವನ ಮುಖಕ್ಕೆ ಹೊಡೆಯಿತು.

"ನಿನ್ನ ಕಿಟಕಿ ಪೇಪರ್ ಓದಲಿಕತ್ತದೇನೋ ಬಸು?" ಎಂದಳು ತಾಯಿ.

ಅವನ ಕಿವಿ ಕೆಂಪಾದವು. ಮುದ್ದೆಯನ್ನು ಕಿಸೆಗೆ ತುರುಕಿಕೊಂಡು ಫೋನ್ ಹಚ್ಚಿದ. "ಪೀರಪ್ಪಣ್ಣ, ನಾಳಿ ಆಳು ತರಬ್ಯಾಡ... ಇಲ್ಲೋ, ಗೋಡಿ ಭಾಳ ಗಟ್ಟಿ ಅದ. ನಮ್ಮವ್ವ ಕಟ್ಟಿದ್ದು." ಆ ಕಡೆಯವನಿಗೆ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದ, ದನಿ ಏರಿಸಿ, "ನಮ್ಮವ್ವ!"

ಶರಣಬಸಮ್ಮ ಆಗಲೇ ಅಂಗಳದ ಬೇವಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಿಟಕಿಯ ಸಂದಿಗೆ ಕಲ್ಲಿನ ಚಕ್ಕೆ ಆರಿಸುತ್ತಿದ್ದಳು. ಒಂದನ್ನು ಎತ್ತಿ, ತಿರುಗಿಸಿ ನೋಡಿ ಎಸೆದಳು. ಇನ್ನೊಂದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ಸೆರಗಿನೊಳಗೆ ಹಾಕಿಕೊಂಡಳು.