ಬಿಚ್ಚಿ ಹೊಲಿದ ಪರವಾನಗಿ

ನಮ್ಮವರು ಪುಸ್ತಕಗಳಿಗೆ ಬೈಂಡು ಹಾಕುವವರು. ಬಿಚ್ಚಿಹೋದ ಹಾಳೆ ಕಣ್ಣಿಗೆ ಬಿದ್ದರೆ ಅವರ ಕೈ ಸುಮ್ಮನಿರುವುದಿಲ್ಲ. ಡಾಕ್ಟರ ಹತ್ತಿರ ಜ್ವರ ಅಂತ ಹೋದಾಗಲೂ ಅಲ್ಲಿದ್ದ ಹರಿದ ಪತ್ರಿಕೆಯ ಬೆನ್ನು ಸವರುತ್ತ ಕೂತ ಮನುಷ್ಯ. ಇಷ್ಟು ಗೊತ್ತಿದ್ದೂ ವಾಸದ ಪುಸ್ತಕವನ್ನು ಕಚೇರಿಗೆ ಹೋಗುವ ಹಿಂದಿನ ದಿನವೇ ಅವರ ಕೈಗೆ ಕೊಟ್ಟದ್ದು ನನ್ನದೇ ತಪ್ಪು.

ವಾಸದ ಪುಸ್ತಕವೆಂದರೆ, ಹೊರಗಿನಿಂದ ಬಂದ ನಮ್ಮಂಥವರು ಈ ದೇಶದಲ್ಲಿರಲು ಕೊಡುವ ಹದಿನಾರು ಪುಟದ ಪರವಾನಗಿ. ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ಮೊಹರು ಹಾಕಿಸಿಕೊಳ್ಳಬೇಕು. ಅವರದು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅದೇ ಶುಕ್ರವಾರ, ಬೇರೊಂದು ದೇಶದಲ್ಲಿರುವ ಅವರ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ಹೃದಯದ ಆಪರೇಷನ್. ತಾಯಿ ಹೋದ ಮೇಲೆ ಇವರನ್ನು ಎತ್ತಿ ಆಡಿಸಿದವರು; ತಮಗಂತ ಇನ್ನೊಬ್ಬರಿಲ್ಲ. “ಅವನ ಮುಖ ನೋಡದೆ ನಾನು ಮತ್ತಿನ ಇಂಜೆಕ್ಷನ್ ತಗೊಳ್ಳಲ್ಲ” ಎಂದು ಹಟ ಹಿಡಿದಿದ್ದರು. ಗುರುವಾರ ಬೆಳಿಗ್ಗೆ ವಿಮಾನ. ಮೊಹರಿಲ್ಲದೆ ಹೋದರೆ ಇವರನ್ನು ವಾಪಸು ಒಳಗೆ ಬಿಡುವುದಿಲ್ಲ. ಹೋಗದಿದ್ದರೆ ಅಲ್ಲಿ ಆಪರೇಷನ್ನೇ ಇಲ್ಲ.

ಬುಧವಾರ ನಮ್ಮ ಸರದಿ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಕಿಟಕಿಯ ಹಿಂದಿದ್ದ ಗುಮಾಸ್ತೆ ಪುಸ್ತಕ ತೆರೆದಳು, ಬಗ್ಗಿಸಿದಳು, ಮೂಗಿನ ಹತ್ತಿರ ಹಿಡಿದಳು.

“ಇದನ್ನ ಯಾರು ಬಿಚ್ಚಿದ್ದು?”

“ಅದು ತಾನಾಗೇ ಬಿಚ್ಚಿತ್ತು ಮೇಡಂ. ಹೊಲಿದಿದ್ದು ನಾನು!” ನಮ್ಮವರ ಮುಖದಲ್ಲಿ ಹೆಮ್ಮೆ. “ಮೇಣ ಸವರಿದ ದಾರ. ಹತ್ತು ವರ್ಷ ಜಗ್ಗಿದ್ರೂ ಅಲ್ಲಾಡಲ್ಲ.”

ಅವರ ಕಾಲು ತುಳಿದೆ. ಮಾತು ಆಗಲೇ ಆಚೆ ಬಿದ್ದಿತ್ತು.

“ಸರ್ಕಾರದ ಪುಸ್ತಕಾನ ನೀವು ಹೊಲಿದ್ರಾ? ಒಳಗೆ ಹಾಳೆ ಬದಲಾಯಿಸಿಲ್ಲ ಅಂತ ನಾವು ಹೇಗೆ ನಂಬೋದು? ತನಿಖೆಗೆ ಕಳಿಸ್ಬೇಕು. ಮೂರು ವಾರ ಆಗತ್ತೆ.” ಅವಳು ಮೇಲಧಿಕಾರಿಯನ್ನು ಕರೆಯಲು ಎದ್ದು ಹೋದಳು.

“ಅಲ್ರೀ, ನಿಮ್ಮನ್ನ ಯಾರು ಕೇಳಿದ್ರು?”

“ಹರಿದಿದ್ದನ್ನ ತಂದುಕೊಟ್ರೆ ಏನಂದ್ಕೋತಾರೆ ಕಣೆ?”

“ಈಗ ಕಳ್ಳ ಅಂದ್ಕೊಂಡ್ರು. ಸಮಾಧಾನ ಆಯ್ತಾ?”

ಮೇಲಧಿಕಾರಿ ಬಾಗಿಲು ತೆರೆದು ನಮ್ಮ ಕಡೆಗೇ ಬಂದರು. ಕನ್ನಡಕ ಹಣೆಗೇರಿಸಿಕೊಂಡಿದ್ದ ವಯಸ್ಸಾದವರು. ರೇಗುತ್ತಾರೆಂದುಕೊಂಡರೆ, ಕನ್ನಡಕ ಇಳಿಸಿ ಹೊಲಿಗೆಯನ್ನೇ ನೋಡುತ್ತ ನಿಂತರು.

“ತೂತು ಹಳೇದೇನಾ?”

“ಹಳೇದೇ ಸಾರ್. ಹೊಸದು ಚುಚ್ಚಿದ್ರೆ ಕಾಗದ ಸೀಳತ್ತೆ.”

“ಕೆಲಸ ಚೆನ್ನಾಗಿದೆ. ಹಾಳೆ ಬದಲಾಯಿಸಿಲ್ಲ ಅನ್ನೋದನ್ನ ತೋರಿಸ್ತೀರಾ?”

ನನಗೂ ಅದೇ ಕುತೂಹಲ. ಮಾಡಿದ್ದನ್ನು ತೋರಿಸಬಹುದು, ಮಾಡದೇ ಇದ್ದದ್ದನ್ನು ತೋರಿಸುವುದು ಹೇಗೆ? ಹನ್ನೆರಡು ವರ್ಷ ಸಂಸಾರ ಮಾಡಿದರೂ ಅಂಟಿನ ವಾಸನೆಗೆ ಮೂಗು ಮುರಿದದ್ದು ಬಿಟ್ಟರೆ, ಪುಸ್ತಕವೊಂದು ಹೇಗೆ ನಿಲ್ಲುತ್ತದೆಂದು ನಾನು ಕೇಳಿದವಳೇ ಅಲ್ಲ.

“ಕತ್ತರಿ ತನ್ನಿ ಸಾರ್. ನೀವೇ ದಾರ ಕತ್ತರಿಸಿ” ಎಂದರು ನಮ್ಮವರು.

ಅಧಿಕಾರಿ ಕತ್ತರಿಸಿಯೇಬಿಟ್ಟರು. ಮೇಜಿನ ಮೇಲೆ ಕಾಗದಗಳು ಹರಡಿದವು.

“ನೋಡಿ, ಹದಿನಾರು ಪುಟ, ಆದ್ರೆ ಕಾಗದ ನಾಲ್ಕೇ. ಒಂದರೊಳಗೊಂದು ಮಡಿಸಿಟ್ಟಿದ್ದಾರೆ. ಫೋಟೋ ಇರೋ ಮೊದಲನೇ ಪುಟದ ಕಾಗದದಲ್ಲೇ ಕೊನೇ ಪುಟಾನೂ ಇದೆ. ಆ ಹಾಳೆ ಕಿತ್ತು ತೆಗೆದ್ರೆ ಆ ಕಡೆ ಇರೋ ನಿಮ್ಮ ಮೊಹರೂ ಜೊತೆಗೇ ಹೋಗತ್ತೆ.”

“ನಾಲ್ಕನ್ನೂ ಬದಲಾಯಿಸಿದ್ರೆ?” ಗುಮಾಸ್ತೆ ಈಗ ಕುರ್ಚಿ ಬಿಟ್ಟು ನಮ್ಮ ಪಕ್ಕಕ್ಕೇ ಬಂದಿದ್ದಳು.

“ಇಷ್ಟು ವರ್ಷದ ಮೊಹರು ನಾನೆಲ್ಲಿಂದ ತರ್ಲಿ ಮೇಡಂ? ನೀವೇ ಕೊಡ್ಬೇಕು!” ಅವಳಿಗೆ ನಗು ತಡೆಯಲಾಗಲಿಲ್ಲ. “ಮಧ್ಯದ್ದೊಂದನ್ನ ಬದಲಾಯಿಸಿದ್ರೆ ಅಂತೀರಾ? ಇಲ್ಲಿ ಕೆಳಗೆ ನಂಬರನ್ನ ಚುಕ್ಕಿಚುಕ್ಕಿಯಾಗಿ ಚುಚ್ಚಿದ್ದಾರೆ ನೋಡಿ. ಎಲ್ಲಾ ಹಾಳೇನೂ ಜೋಡಿಸಿ ಒಂದೇ ಏಟಿಗೆ ಚುಚ್ಚಿರೋದು. ಮೇಲಿನ ಹಾಳೇಲಿ ತೂತು ದೊಡ್ಡದು, ಕೆಳಕ್ಕೆ ಹೋದಷ್ಟೂ ಸಣ್ಣದು. ಹೊರಗಿನ ಹಾಳೆ ಬಂದ್ರೆ ಸಾಲು ತಪ್ಪತ್ತೆ.”

ಅಧಿಕಾರಿ ಹಾಳೆಗಳನ್ನು ಮತ್ತೆ ಜೋಡಿಸಿ ಹೊರಗಿನ ಬೆಳಕಿಗೆ ಹಿಡಿದರು. ಆರು ಅಂಕೆಗಳು ಬೆಳಕಿನ ಚುಕ್ಕೆಗಳಾಗಿ ಮೂಡಿದವು, ಒಂದೂ ಮಸುಕಿಲ್ಲ. ನಾವು ನಾಲ್ವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಹಿಂದೆ ಸಾಲಿನಲ್ಲಿದ್ದವರು ಸುಮ್ಮನಿರುತ್ತಾರೆಯೇ, “ಏನ್ರೀ ಅದು, ನಮಗೂ ತೋರ್ಸಿ!” ಎಂದರು.

“ಒಂಬತ್ತು ವರ್ಷದಿಂದ ಈ ಪುಸ್ತಕಗಳನ್ನ ತಿರುವ್ತಿದ್ದೀನಿ. ಒಂದು ದಿನಾನೂ ಬೆಳಕಿಗೆ ಹಿಡಿದು ನೋಡಿರ್ಲಿಲ್ಲ” ಎಂದಳು ಗುಮಾಸ್ತೆ.

ಅಧಿಕಾರಿ ಕೂತು ಬರೆಯತೊಡಗಿದರು. “ಹಾಳೆ ಬದಲಾಗಿಲ್ಲ ಅಂತ ನಾನೇ ಬರೀತೀನಿ. ಆದ್ರೆ ಬಿಚ್ಚಿದ ಪುಸ್ತಕಕ್ಕೆ ಮೊಹರು ಹಾಕೋಕಾಗಲ್ಲ. ಹೊಸದು ಬರೋಕೆ ತಿಂಗಳು ಬೇಕು. ಈಗ ಹೋಗಿ ಬರೋಕೆ ಈ ಪತ್ರ. ಇಪ್ಪತ್ತು ದಿನ ಅಷ್ಟೇ. ಇಪ್ಪತ್ತೊಂದನೇ ದಿನ ಬಂದ್ರೆ ನಾನೂ ಏನೂ ಮಾಡೋಕಾಗಲ್ಲ.”

ನಮ್ಮವರ ಮುಖ ಇಳಿಯಿತು. ಅಕ್ಕನ ಆರೈಕೆಗೆ ಎರಡು ತಿಂಗಳಾದರೂ ಬೇಕೆಂದು ಡಾಕ್ಟರು ಹೇಳಿದ್ದರು.

“ಬೇಜಾರ್ ಯಾಕೆ? ನನ್ನ ಪುಸ್ತಕಕ್ಕೆ ಇನ್ನೂ ಎಂಟು ತಿಂಗಳು ಇದೆ” ಎಂದೆ. “ನೀವು ಬಂದ ದಿನಾನೇ ನಾನು ಹೊರಡ್ತೀನಿ. ದಯವಿಟ್ಟು ಅದನ್ನ ಮುಟ್ಬೇಡಿ.”

ಮೆಟ್ಟಿಲಿಳಿಯುತ್ತಲೇ ಅತ್ತಿಗೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಒದರಿದೆ. ಆ ಕಡೆಯಿಂದ ಕೆಮ್ಮೋ ನಗುವೋ ತಿಳಿಯಲಿಲ್ಲ.

“ಆಮೇಲೆ ನೀನು ಬರೋದೇ ಒಳ್ಳೇದು ಕಣೇ. ಅವನನ್ನ ಜಾಸ್ತಿ ದಿನ ಬಿಟ್ರೆ ನನ್ನ ಎದೆ ಹೊಲಿಗೇಲೂ ಹುಳುಕು ಹುಡುಕ್ತಾನೆ.” ಆಮೇಲೆ ಮೆಲ್ಲಗೆ, “ನಿಜವಾಗ್ಲೂ ನಾಳೆ ಬರ್ತಾನಾ?”

“ಪತ್ರ ಕೈಯಲ್ಲೇ ಇದೆ ಅತ್ತಿಗೆ.”

“ಸರಿ ಹಾಗಾದ್ರೆ. ನರ್ಸ್ ಇಲ್ಲೇ ನಿಂತಿದ್ದಾಳೆ, ಶುಕ್ರವಾರವೇ ಆಪರೇಷನ್ ಆಗ್ಲಿ ಅಂತ ಹೇಳ್ಬಿಡ್ತೀನಿ.”