ಉದುರದ ಕೂದಲು

ಅರವತ್ತೆಂಟನೆಯ ವಯಸ್ಸಿನಲ್ಲಿ ದರ್ಜಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. "ಇದು ಆಮೆ ನಡಿಗೆಯ ಕಾಯಿಲೆ, ಯಜಮಾನರೇ," ಎಂದಿದ್ದರು ಡಾಕ್ಟರು. "ಸದ್ಯಕ್ಕೆ ಔಷಧಿ ಬೇಡ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡಿ, ನೋಡ್ತಾ ಇರೋಣ."

ಅಂಗಡಿಯಲ್ಲಿ ಅವನು ಕ್ಯಾನ್ಸರ್ ಎಂಬಷ್ಟನ್ನು ಹೇಳಿ ಉಳಿದದ್ದನ್ನು ನುಂಗಿಕೊಂಡ. ಮೊದಮೊದಲು ನಿಜಕ್ಕೂ ಹೆದರಿದ್ದ. ಕಾಯಿಲೆಯಿಂದ ಕುತ್ತಿಗೆಯಲ್ಲಿ ಎದ್ದಿದ್ದ ಗಂಟುಗಳನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬರಬರುತ್ತ ಹೆದರಿಕೆ ಹೋಯಿತು, ಜನರ ಕನಿಕರ ಉಳಿಯಿತು. ಅದು ಹಿತವಾಗಿತ್ತು. ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಗಸು ಭಾರದ ಕೋಟುಗಳಿಗೆಲ್ಲ ತಾನೇ ಇಸ್ತ್ರಿ ಮಾಡುತ್ತಿದ್ದಳು. ರಕ್ತ ಕೊಡಲು ಹತ್ತು ನಿಮಿಷ ಸಾಕು. ಅವನು ಎರಡು ದಿನ ರಜೆ ಹಾಕಿ ಮನೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದ. "ಪಾಪ, ಎಂಥ ಗಟ್ಟಿ ಜೀವ," ಎಂದು ಅವಳು ಗಿರಾಕಿಗಳಿಗೆ ಹೇಳುವಾಗ ತಲೆ ತಗ್ಗಿಸಿ ಕತ್ತರಿ ಆಡಿಸುತ್ತಿದ್ದ.

ಆಮೇಲೆ ಅವಳ ತಮ್ಮನಿಗೂ ರಕ್ತದ ಕ್ಯಾನ್ಸರ್ ಬಂತು. ಅದು ಬೇರೆ ಬಗೆಯದು, ವಾರದಲ್ಲೇ ಹಾಸಿಗೆ ಹಿಡಿಸಿತು.

"ಅಣ್ಣ, ಒಂದ್ಸಲ ಆಸ್ಪತ್ರೆಗೆ ಬನ್ನಿ," ಎಂದಳು. "ನಿಮ್ಮನ್ನ ನೋಡಿದ್ರೆ ಅವನಿಗೆ ಧೈರ್ಯ ಬರುತ್ತೆ."

ದರ್ಜಿ ನೆಪ ಹುಡುಕಿದ, ಸಿಗಲಿಲ್ಲ. ಹೋದ.

ತಮ್ಮನಿಗೆ ಮೂವತ್ತೂ ದಾಟಿರಲಿಲ್ಲ. ತಲೆಯಷ್ಟೇ ಅಲ್ಲ, ಹುಬ್ಬೂ ಬೋಳಾಗಿತ್ತು. ದರ್ಜಿಯ ದಟ್ಟ ಬಿಳಿಗೂದಲನ್ನೇ ನೋಡುತ್ತ ಕೇಳಿದ: "ನಿಮ್ಗೆ ಕೂದ್ಲು ಮತ್ತೆ ಬರೋಕೆ ಎಷ್ಟು ದಿನ ಆಯ್ತು?"

ದರ್ಜಿ ಆರು ತಿಂಗಳು ಎಂದುಬಿಡಬಹುದಿತ್ತು.

"ಉದುರಲೇ ಇಲ್ಲಪ್ಪ," ಎಂದ. "ನಾನು ಒಂದು ಮಾತ್ರೇನೂ ನುಂಗಿಲ್ಲ. ನನ್ನದು ನಿಧಾನದ್ದು. ಎಲ್ಲರೂ ಪಾಪ ಅಂದ್ರು, ನಾನೂ ಅನ್ನಿಸಿಕೊಂಡೆ."

ಅಕ್ಕ ಹಣ್ಣು ಹೆಚ್ಚುವುದನ್ನು ನಿಲ್ಲಿಸಿದಳು. ತಮ್ಮ ನಕ್ಕ. "ಸರಿ ಬಿಡಿ. ಹಾಗಾದ್ರೆ ಈ ವಿಷಯದಲ್ಲಿ ನಾನೇ ನಿಮಗೆ ಸೀನಿಯರ್."

ಆ ನಗು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೆಟ್ಟಿಲಿಳಿಯುವಾಗ ಅವಳು ಹೇಳಿದಳು: "ನಿಜ ಹೇಳಿದ್ರೂ ಇಸ್ತ್ರಿ ಮಾಡಿಕೊಡ್ತಿದ್ದೆ, ವಯಸ್ಸಾದೋರು ಅಂತ. ಮೂರು ವರ್ಷ ನಿಮಗೋಸ್ಕರ ಅಳೋ ಹಾಗೆ ಮಾಡಿದ್ರಲ್ಲ, ಅದು ಬೇಡವಾಗಿತ್ತು."



ಏಳು ತಿಂಗಳ ಮೇಲೆ ತಮ್ಮ ಸೊರಗಿ ಸಣ್ಣಗಾಗಿ ಮನೆಗೆ ಬಂದ. ಅಷ್ಟು ದಿನವೂ ದರ್ಜಿ ಪ್ರತಿ ಭಾನುವಾರ ಅವನ ಹಾಸಿಗೆಯ ಪಕ್ಕ ಕೂತಿದ್ದ. ಆಡಲು ಮಾತಿಲ್ಲದಾಗ ಅವನ ಸಡಿಲವಾದ ಅಂಗಿಗಳನ್ನು ಬಿಗಿ ಮಾಡಿಕೊಟ್ಟಿದ್ದ. ಈಚೆಗೆ ಡಾಕ್ಟರು, "ನಿಮ್ಮ ರಿಪೋರ್ಟು ಹಾಗೇ ಇದೆ, ಸಂತೋಷ ಪಡಿ," ಎಂದಾಗ ಆ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಯಾರಿಗೂ ತೋರಿಸಲು ಅವನಿಗೆ ಮುಖವಿರಲಿಲ್ಲ.