ಕಾಣೆಯಾದ ಎಪ್ಪತ್ತಮೂರು

ಪೈಸಂಡು ಪಟ್ಟಣದ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಬೇಕಾದ ಘಟನೆಯೊಂದು ಕಳೆದ ಮಾರ್ಚ್ ತಿಂಗಳ ಒಂದು ಮಂಗಳವಾರ ನಡೆಯಿತು: ಎಪ್ಪತ್ತಮೂರು ಎಂಬ ಸಂಖ್ಯೆ ಕಾಣೆಯಾಯಿತು.

ಅದನ್ನು ಮೊದಲು ಗಮನಿಸಿದವಳು ನಿವೃತ್ತ ಗಣಿತದ ಟೀಚರ್ ಎರ್ಮಿಂದಾ ಬೆಂತಾಂಕೋರ್. ಗಮನಿಸದೆ ಏನು, ಆ ಸಂಖ್ಯೆ ಇರಬೇಕಾಗಿದ್ದ ಸರಣಿಯೇ ಅವಳದು. ಒಂದು ಅವಿಭಾಜ್ಯ ಸಂಖ್ಯೆಯಿಂದ ಮುಂದಿನದಕ್ಕೆ ಇರುವ ಅಂತರವು ಅದರ ಹಿಂದಿನ ಎರಡು ಅಂತರಗಳ ಮೊತ್ತಕ್ಕೆ ಸಮವಾಗುವ ಜಾಗಗಳನ್ನು ಎರಡು ಚಳಿಗಾಲ ಕೂತು ಹೆಕ್ಕಿದ್ದಳು: ಏಳು, ಇಪ್ಪತ್ತಮೂರು, ನಲವತ್ತೇಳು, ಎಪ್ಪತ್ತಮೂರು, ಇನ್ನೂರ ಮೂವತ್ತಮೂರು... ಜಗತ್ತಿನ ಇಂಥ ಸರಣಿಗಳನ್ನೆಲ್ಲ ಪೇರಿಸಿಡುವ ಕೋಶವೊಂದು ಅಂತರ್ಜಾಲದಲ್ಲಿದೆ. ಪ್ರತಿ ಸರಣಿಯ ಕೆಳಗೆ ಕಳಿಸಿದವರ ಹೆಸರಿರುತ್ತದೆ. ಆ ಒಂದು ಸಾಲಿಗೆ ಪಟ್ಟಷ್ಟು ಆಸೆಯನ್ನು ಎರ್ಮಿಂದಾ ಮದುವೆಗೂ ಪಟ್ಟಿರಲಿಲ್ಲ.

ಕಳಿಸುವ ಮುನ್ನ ಇನ್ನೊಬ್ಬರಿಗೆ ತೋರಿಸುವುದು ಈ ಹವ್ಯಾಸದವರ ಮರ್ಯಾದೆ. ಮೂವತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತ ಭೂಗೋಳದ ಮೇಷ್ಟ್ರು ಆಲ್ಸಿದೆಸ್‌ಗೆ ಅವಳು ನೋಟ್‌ಬುಕ್ ಕೊಟ್ಟಳು. ಮಂಗಳವಾರ ಕೋಶ ತೆರೆದರೆ, ಪರಿಶೀಲನೆಗೆ ಕಾದಿದ್ದವುಗಳ ಸಾಲಿನಲ್ಲಿ ಅವಳ ಸರಣಿ ಕೂತಿತ್ತು. ಕಳಿಸಿದವರು: ಆಲ್ಸಿದೆಸ್ ಉಂಪಿಯೆರೆಸ್. ನಲವತ್ತೇಳಾದ ಮೇಲೆ ನೇರ ಇನ್ನೂರ ಮೂವತ್ತಮೂರು. ಮಹಾಶಯನಿಗೆ ನೆಟ್ಟಗೆ ನಕಲು ಮಾಡಲೂ ಬಂದಿರಲಿಲ್ಲ.

ಅವಳು ಅವನ ಮನೆಗೆ ಹೋಗಿ, ಅವನ ಹೆಂಡತಿಯ ಕೈಯಿಂದ ನೋಟ್‌ಬುಕ್ ಈಸಿಕೊಂಡು ಬಂದಳು. ಸಂಜೆ ಅವನೇ ಬಂದ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಯೆರ್ಬಾ ಎಲೆಯ ಕಷಾಯ ತುಂಬಿ ಕೊಳವೆ ಸಿಕ್ಕಿಸಿದ ಸೋರೆಬುರುಡೆ.

"ಏನೇ, ಸಿಟ್ಟಾ?"

"ಸಿಟ್ಟೆಲ್ಲಿ ಬಂತು ಮಾರಾಯ. ನನ್ನ ಲೆಕ್ಕಕ್ಕೆ ನಿನ್ನ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತೆ ಅಂತ ನೋಡ್ತಿದ್ದೆ."

"ಆ ಫಾರಂ ತುಂಬೋದು ನಿಂಗೆ ತಲೆನೋವು ಅಂತ ನಾನೇ ಹಾಕ್ದೆ ಕಣೇ. ಹೆಸರು ಯಾರದ್ದಾದ್ರೇನು?"

"ಯಾರದ್ದಾದ್ರೂ ಆಗೋ ಹಾಗಿದ್ರೆ ನಂದೇ ಹಾಕಬಹುದಿತ್ತಲ್ಲ."

ಆಲ್ಸಿದೆಸ್ ಕೊಳವೆಯಿಂದ ಉದ್ದಕ್ಕೆ ಒಂದು ಗುಟುಕು ಎಳೆದ. "ಅದಿರ್ಲಿ. ಎಲ್ಲೋ ಒಂದು ಬಿಟ್ಟುಹೋಗಿದೆ ಅಂತಿದ್ದಾರೆ ಕೋಶದ ಸಂಪಾದಕರು. ಶುಕ್ರವಾರದೊಳಗೆ ತಿದ್ದದಿದ್ರೆ ತಿರಸ್ಕಾರವಂತೆ. ನೋಡೋಣಾಂದ್ರೆ ನೋಟ್‌ಬುಕ್ಕೂ ಹೊತ್ಕೊಂಡು ಬಂದಿದ್ದೀಯ. ಯಾವ್ದು ಅಂತ ಹೇಳಿಬಿಡೇ."

ನೀನೂ ಕುಡಿ ಎಂಬಂತೆ ಬುರುಡೆ ಚಾಚಿದ. ಅವಳು ಮುಟ್ಟಲಿಲ್ಲ.

ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನದು ಬಿದ್ದುಹೋಗುತ್ತಿತ್ತು, ಅವಳು ತನ್ನ ಹೆಸರಲ್ಲಿ ಕಳಿಸಬಹುದಿತ್ತು. ಆದರೆ ತಪ್ಪು ಲೆಕ್ಕವೊಂದು ಮೂರು ದಿನ ಊರೆಲ್ಲ ನೋಡುವಂತೆ ನಿಂತಿರುವುದನ್ನು ಸಹಿಸುವ ಶಕ್ತಿ, ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ಕೈಯದ್ದಿದ ಎರ್ಮಿಂದಾಳಿಗಿರಲಿಲ್ಲ. ಪಕ್ಕದ ಮೇಜಿನವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದ. ಹೆಸರು ಕದ್ದದ್ದಕ್ಕಿಂತ ಇದು ಅವಳಿಗೆ ಹೆಚ್ಚು ಚುಚ್ಚಿತು.

"ಎಪ್ಪತ್ತಮೂರು," ಎಂದಳು. "ಇನ್ನು ಎದ್ದು ನಡಿ."

ಗುರುವಾರ ಸರಣಿ ಅಂಗೀಕಾರವಾಯಿತು, ಆಲ್ಸಿದೆಸ್ ಉಂಪಿಯೆರೆಸ್ ಹೆಸರಿನಲ್ಲಿ.